ಕೊಂದ ಮೃಗದ ತೊಗಲೂ ಕೊಂದವನ ಹೊಣೆಯೂ

ಮೃಗಯೆಯು ಧರ್ಮವೋ ಅಧರ್ಮವೋ ಎಂಬ ವಿಚಾರವು ಬಹು ಪ್ರಾಚೀನವಾದದ್ದು. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಬೇಟೆಯನ್ನೇ ಮೊದಲನೆಯದಾಗಿ ಹೇಳಿರುವನು. ಕೌಟಿಲ್ಯನು ಅದನ್ನು ಜೂಜಿನೊಡನೆ ತಕ್ಕಡಿಯಲ್ಲಿಟ್ಟು ತೂಗಿ, ಬೇಟೆಯಿಂದ ಮೈಗೆ ವ್ಯಾಯಾಮವೂ ಕೈಗೆ ಗುರಿಯ ಪಳಗಿಕೆಯೂ ಮೃಗಗಳ ಮನೋಗತಿಯ ಅರಿವೂ ಲಭಿಸುವುವೆಂದು ಅದರ ಪರವಾಗಿ ನಾಲ್ಕು ಮಾತು ಆಡಿರುವನು. ಭಾರತದ ಆದಿಪರ್ವದಲ್ಲಿ ಪಾಂಡುರಾಜನ ಬಾಣಕ್ಕೆ ಬಿದ್ದ ಕಿಂದಮನ ದೂರು ಇವೆರಡಕ್ಕಿಂತಲೂ ಸೂಕ್ಷ್ಮವಾದದ್ದು. ಹುಲ್ಲೆಯ ರೂಪದಲ್ಲಿದ್ದ ಆ ಋಷಿಯು ಅರಸನು ಮೃಗವನ್ನು ಕೊಂದನೆಂದು ನಿಂದಿಸಲಿಲ್ಲ. ಮೃಗವು ತನ್ನ ಜೊತೆಯೊಡನೆ ಕೂಡಿದ್ದ ವೇಳೆಯಲ್ಲಿ, ಕ್ಷಣಕಾಲ ಕಾಯದೆ ಕೊಂದನಲ್ಲಾ ಎಂದು ನಿಂದಿಸಿದನು. ಕೊಲ್ಲುವ ಅಧಿಕಾರವುಳ್ಳವನಿಗೂ ಕೊಲ್ಲುವ ರೀತಿಯಲ್ಲಿ ಒಂದು ಕಟ್ಟುಂಟೆಂಬುದು ಆ ಶಾಪದ ತಾತ್ಪರ್ಯ.

ಇವೆಲ್ಲವೂ ಬಾಣವು ಬಿಲ್ಲನ್ನು ಬಿಡುವುದಕ್ಕೆ ಮುಂಚಿನ ಪ್ರಶ್ನೆಗಳು. ಬಾಣವು ನೆಟ್ಟಮೇಲಿನ ಪ್ರಶ್ನೆ ಬೇರೊಂದುಂಟು. ಅದನ್ನು ಶಾಸ್ತ್ರಕಾರರು ಅಷ್ಟಾಗಿ ಎತ್ತಿಕೊಂಡಂತೆ ತೋರದು. ಕೊಂದ ಪ್ರಾಣಿಯ ವಿಷಯದಲ್ಲಿ ಕೊಂದವನು ಇನ್ನೂ ಏನನ್ನಾದರೂ ತೀರಿಸಬೇಕಾಗಿದೆಯೆ? ತಿನ್ನುವುದಕ್ಕಾಗಿ ಕೊಂದ ಜಿಂಕೆಯ ಮಾತಾದರೆ ಉತ್ತರವು ಸುಲಭ. ಉಣ್ಣುವೆನೆಂದು ಕೊಂದವನು ಉಣ್ಣದೆ ಕೊಳೆಯಬಿಟ್ಟರೆ, ಕೊಂದದ್ದಕ್ಕೆ ಅವನು ಹೇಳಿದ್ದ ಕಾರಣವೇ ಸುಳ್ಳಾಗುತ್ತದೆ. ಅನ್ನವನ್ನು ಚೆಲ್ಲಬಾರದೆಂದು ಮಕ್ಕಳಿಗೆ ಹೇಳುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತೋಳವನ್ನು ತಿನ್ನುವವರು ಯಾರು? ಚಿರತೆಯನ್ನು ಅಡಿಗೆಮಾಡುವವರು ಯಾರು? ಮಾಂಸವನ್ನೇ ತಿಂದು ಬಾಳುವ ಮೃಗದ ಮಾಂಸವನ್ನು ಮನುಷ್ಯನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಂಥ ಮೃಗವನ್ನು ಕೊಂದಮೇಲೆ ಉಳಿಯುವುದು ತೊಗಲೊಂದೇ. ಆ ತೊಗಲನ್ನು ಬಿಟ್ಟುಹೋಗುವುದು ಅಪರಾಧವೆಂದು ಉತ್ತರ ಅಮೆರಿಕೆಯ ಕೆಲವು ಕಡೆಗಳಲ್ಲಿ ಶಾಸನವಾಗಿದೆ. ಮೇಲೆ ನೋಡುವುದಕ್ಕೆ ಇದು ಅಲ್ಪವಾದ ನಿಯಮ. ಒಳಹೊಕ್ಕು ನೋಡಿದರೆ, ಕೊಲೆಗೆ ಕಾರಣ ಕೊಡಬೇಕಾದವನು ಯಾರು, ಯಾರಿಗೆ, ಎಷ್ಟು ದಿನದವರೆಗೆ ಎಂಬ ದೊಡ್ಡ ಪ್ರಶ್ನೆಯು ಅದರಲ್ಲಿ ಅಡಗಿರುವುದು ಕಾಣುತ್ತದೆ.

ಆ ನಿಯಮವನ್ನು ಅಲಾಸ್ಕದಲ್ಲಿ ನೋಡುವುದು ಉತ್ತಮ. ಆ ದೇಶದ ಚರಿತ್ರೆಯೇ ತೊಗಲಿನಿಂದ ಮೊದಲಾಯಿತು. ತುಪ್ಪುಳಿನ ಚರ್ಮಕ್ಕಾಗಿ ರಷ್ಯದವರು ಅಲ್ಲಿಗೆ ಬಂದು ಕಡಲ ನೀರುನಾಯಿಗಳನ್ನು ಕೊಂದು ಮುಗಿಸುತ್ತ ಬಂದರು. 1867ರಲ್ಲಿ ಆ ನೆಲವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ 72 ಲಕ್ಷ ಡಾಲರಿಗೆ ಮಾರಿದರು. 1959ರಲ್ಲಿ ಅದು ಸಂಸ್ಥಾನದ ಪದವಿಯನ್ನು ಪಡೆದಾಗ ಜಾರಿಗೆ ಬಂದ ರಾಜ್ಯಾಂಗದಲ್ಲಿ, ನೆಲೆಯಲ್ಲಿರುವ ಮೀನು ಮೃಗ ನೀರುಗಳೆಲ್ಲವೂ ಜನರೆಲ್ಲರ ಸಮಾನವಾದ ಉಪಯೋಗಕ್ಕಾಗಿ ಮೀಸಲೆಂದು ಬರೆದುಕೊಂಡರು. ಮೂಸ್ ಎಂಬ ಹೇರಾಳವಾದ ಕಡವೆಯನ್ನೋ ಹಿಮಸಾರಂಗವನ್ನೋ ಕೊಂದು ಮಾಂಸವನ್ನು ಬಿಟ್ಟುಬರುವವನಿಗೆ ಅಲ್ಲಿ ಸೆರೆಮನೆಯೂ ಉಂಟು. ಮಾಂಸಕ್ಕಾಗದ ಮೃಗಗಳಿಗೆ ಬೇರೆ ಕಟ್ಟಳೆ. ಸಂಯುಕ್ತ ಸರ್ಕಾರದ ನೆಲದಲ್ಲಿ ಹೊಟ್ಟೆಪಾಡಿಗಾಗಿ ಬೇಟೆಯಾಡುವವರಿಗೆ ಮಾಡಿದ ನಿಯಮವು ತೋಳ, ವುಲ್ವರೀನ್, ಕಯೋಟಿ, ನರಿ, ಲಿಂಕ್ಸ್ ಎಂಬ ಕಾಡುಬೆಕ್ಕು, ನೀರುನಾಯಿ ಮೊದಲಾದುವುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ, ಇವುಗಳ ತೊಗಲನ್ನು ಮನುಷ್ಯರ ಉಪಯೋಗಕ್ಕಾಗಿ ಉಳಿಸಿ ತರತಕ್ಕದ್ದೆಂದು ವಿಧಿಸುತ್ತದೆ. ಇವುಗಳಲ್ಲಿ ಕಯೋಟಿಯು ನರಿಗಿಂತ ದೊಡ್ಡದಾಗಿಯೂ ತೋಳಕ್ಕಿಂತ ಚಿಕ್ಕದಾಗಿಯೂ ಇರುವ ನಾಯಿಯ ಜಾತಿ. ವುಲ್ವರೀನ್ ಎಂಬುದು ನೀರುನಾಯಿಯ ಬಳಗಕ್ಕೆ ಸೇರಿದರೂ ಚಿಕ್ಕ ಕರಡಿಯಂತೆ ಕಾಣುವ, ಬಲು ಗಟ್ಟಿಮುಟ್ಟಾದ ಮೃಗ.

ಸುಲಿದು ತಂದರೆ ಮುಗಿಯಲಿಲ್ಲ. ತೋಳ, ವುಲ್ವರೀನ್, ಕರಡಿಗಳ ತೊಗಲನ್ನು ಗೊತ್ತಾದ ದಿನಗಳೊಳಗೆ ಅಧಿಕಾರಿಯ ಮುಂದೆ ಹಿಡಿದು ಮುದ್ರೆ ಹಾಕಿಸಬೇಕು. ಕರಡಿಯಾದರೆ ತಲೆಬುರುಡೆಯನ್ನೂ ಒಪ್ಪಿಸಿ ತೋರಿಸಬೇಕು. ಅಧಿಕಾರಿಯು ಅದರಿಂದ ಒಂದು ಸಣ್ಣ ಹಲ್ಲನ್ನು ಕಿತ್ತುಕೊಂಡು ಮೃಗದ ವಯಸ್ಸನ್ನು ಗುರುತಿಸಲು ಕಳುಹಿಸುವನು. ಗಂಡೋ ಹೆಣ್ಣೋ ಎಂಬ ಗುರುತು ತೊಗಲಿನ ಮೇಲೆಯೇ ಉಳಿದಿರಬೇಕು. ಎಲ್ಲಿ, ಎಂದು, ಯಾರಿಂದ ಎಂಬುದು ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಮರುವರುಷ ಎಷ್ಟು ಮೃಗಗಳನ್ನು ಕೊಲ್ಲಗೊಡಬೇಕೆಂಬ ಲೆಕ್ಕವು ಬಹುಮಟ್ಟಿಗೆ ಇಂಥ ಪುಸ್ತಕಗಳಿಂದ ಏಳುವುದು.

ಇದಕ್ಕೆ ಪೂರ್ವಪಕ್ಷವು ಬಲವಾಗಿಯೇ ಇದೆ. ಸತ್ತ ತೋಳಕ್ಕೆ ತೊಗಲಿನಿಂದ ಆಗಬೇಕಾದದ್ದೇನು? ಕೊಲ್ಲುವುದರಲ್ಲಿ ತಪ್ಪಿದ್ದರೆ ಆ ತಪ್ಪು ಗುಂಡು ಹಾರಿದಾಗಲೇ ಪೂರ್ತಿಯಾಯಿತು. ತಪ್ಪಿಲ್ಲದಿದ್ದರೆ ಹೆಣದ ಮೇಲೆ ಹೊಸದೊಂದು ತಪ್ಪು ಹುಟ್ಟುವುದೆಂತು? ಮೇಲಾಗಿ ಕಾಡಿನಲ್ಲಿ ಪೋಲಾಗುವುದೆಂಬುದೇ ಇಲ್ಲ. ಬಿಟ್ಟುಬಂದ ಕಳೇಬರವನ್ನು ಕಾಗೆ ಹದ್ದುಗಳು ಕಾಣುವುವು, ನರಿ ಕಾಣುವುದು, ಕಡೆಗೆ ಹುಳುಗಳೂ ಹುಲ್ಲೂ ಕಾಣುವುವು. ತೊಗಲನ್ನು ಮನೆಯ ಗೋಡೆಗೆ ಹೊಡೆಯುವವನೇ ಅಲ್ಲವೆ ಅಷ್ಟು ಜೀವಗಳ ಬಾಯಿಂದ ಕಿತ್ತುಕೊಂಡವನು? ಪೋಲೆಂಬ ಮಾತು ಮನುಷ್ಯನ ಲೆಕ್ಕದ ಪುಸ್ತಕಕ್ಕೆ ಸೇರಿದ್ದೇ ಹೊರತು ಅಡವಿಯ ಲೆಕ್ಕಕ್ಕೆ ಸೇರಿದ್ದಲ್ಲ.

ಈ ಆಕ್ಷೇಪವನ್ನು ಬದಿಗೆ ತಳ್ಳುವಂತಿಲ್ಲ. ಸಾಮಾನ್ಯವಾಗಿ ಇದಕ್ಕೆ ಕೊಡುವ ಉತ್ತರವು ಐಶ್ವರ್ಯದ ಉತ್ತರ. ಮೃಗಗಳು ಜನರೆಲ್ಲರ ಸೊತ್ತು. ಒಂದಕ್ಕೆ ಗುಂಡಿಡುವವನು ಎಲ್ಲರ ಭಂಡಾರದಿಂದ ಒಂದು ಒಡವೆಯನ್ನು ತೆಗೆದುಕೊಂಡಂತೆ. ತೆಗೆದುಕೊಂಡು ಹಾಳುಮಾಡಿದರೆ ಉಳಿದವರಿಗೆ ದ್ರೋಹ. ಬೆಲೆಬಾಳುವ ತೊಗಲಿನ ವಿಷಯದಲ್ಲಿ ಈ ಮಾತು ನಿಲ್ಲುತ್ತದೆ. ವುಲ್ವರೀನಿನ ತುಪ್ಪುಳಿನ ಮೇಲೆ ಉಸಿರಿನ ಹಬೆಯು ಹೆಪ್ಪುಗಟ್ಟಿದರೂ ಕೈಯಿಂದ ಒರಸಿದರೆ ಉದುರಿಹೋಗುತ್ತದೆ. ಆದಕಾರಣ ಉತ್ತರದ ಜನರು ಚಳಿಯ ಅಂಗಿಯ ಮುಸುಕಿನ ಅಂಚಿಗೆ ಅದನ್ನೇ ಹೊಲಿದುಕೊಳ್ಳುವರು. ಅಂಥ ತೊಗಲನ್ನು ಹಿಮದಲ್ಲಿ ಬಿಟ್ಟುಬರುವುದು ಮೂರ್ಖತನವೆಂದು ಅಲ್ಲಿಯ ಮಗುವೂ ಹೇಳುವುದು. ಆದರೆ ಅಲಾಸ್ಕದ ಅನೇಕ ಭಾಗಗಳಲ್ಲಿ ತೋಳದ ಬೇಟೆಯು ಆಗಸ್ಟ್ 10ಕ್ಕೇ ಆರಂಭವಾಗುತ್ತದೆ. ಆಗಿನ್ನೂ ಬೇಸಗೆಯ ರೋಮ. ಚಳಿಗಾಲದ ದಟ್ಟವಾದ ತುಪ್ಪುಳು ಹುಟ್ಟಿರುವುದಿಲ್ಲ. ಅಂಥ ತೊಗಲನ್ನು ಪೇಟೆಯಲ್ಲಿ ಕೊಳ್ಳುವವರು ವಿರಳ. ಐಶ್ವರ್ಯವೇ ನಿಯಮದ ಬೇರಾಗಿದ್ದರೆ, ಬೆಲೆಯಿಲ್ಲದ ಆ ತೊಗಲನ್ನು ಹೊತ್ತು ತರಬೇಕಾದದ್ದೇಕೆ?

ಬೇರು ಬೇರೆ ಕಡೆ ಇದೆಯೆಂದು ತೋರುತ್ತದೆ. ಅದನ್ನು ಕಾಣುವುದಕ್ಕೆ ಸುಲಿಯುವ ಕೆಲಸವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಇನ್ನೂರು ಗಜ ದೂರದಿಂದ ಹಾರಿದ ಗುಂಡಿಗೆ ಬೇಕಾದದ್ದು ಒಂದು ಕ್ಷಣ. ತೊಗಲನ್ನು ಸುಲಿಯುವುದಕ್ಕೆ ಬೇಕಾದದ್ದು ಗಂಟೆಗಟ್ಟಲೆ ಹೊತ್ತು. ಕೊಂದವನು ನಡೆದುಹೋಗಿ ಮೃಗದ ಬಳಿ ಮಂಡಿಯೂರಬೇಕು. ಅದರ ಮೈಯ ಬಿಸಿಯು ಕೈಗೆ ತಾಕಬೇಕು. ಹಲ್ಲು ಸವೆದಿದೆಯೋ, ಹಳೆಯ ಗಾಯವುಂಟೋ, ಮೊಲೆಯಲ್ಲಿ ಹಾಲುಂಟೋ ಎಂಬುದೆಲ್ಲ ಅವನ ಕಣ್ಣಿಗೆ ಬೀಳಬೇಕು. ಕಾಲಿನ ಗೆಣ್ಣುಗಳಲ್ಲಿ, ಕಿವಿಯ ಬುಡದಲ್ಲಿ, ತುಟಿಯ ಅಂಚಿನಲ್ಲಿ ಕತ್ತಿಯನ್ನು ಮೆಲ್ಲನೆ ನಡೆಸಬೇಕು. ಅವಸರಪಟ್ಟರೆ ತೊಗಲು ಹರಿಯುತ್ತದೆ. ದೊಡ್ಡ ಕರಡಿಯ ಹಸಿತೊಗಲೆಂದರೆ ಒಬ್ಬಾಳು ಬೆನ್ನು ಬಗ್ಗಿಸಿ ಹೊರುವ ಹೊರೆ. ದೂರದಿಂದ ಒಂದು ಚುಕ್ಕೆಯಾಗಿ ಕಂಡದ್ದು ಇಷ್ಟು ಹೊತ್ತಿನಲ್ಲಿ ಚುಕ್ಕೆಯಾಗಿ ಉಳಿಯುವುದಿಲ್ಲ. ಈ ಕಷ್ಟವನ್ನು ಮೊದಲೇ ಬಲ್ಲವನು, ಕಷ್ಟಕ್ಕೆ ಸಿದ್ಧನಿಲ್ಲದಿದ್ದರೆ, ಕೋವಿಯನ್ನು ಇಳಿಸುವನು. ಹೀಗೆ ಕೊಂದಮೇಲಿನದೆಂದು ಕಾಣುವ ನಿಯಮವು ಕೊಲ್ಲುವುದಕ್ಕೆ ಮುಂಚೆಯೇ ಕೆಲಸ ಮಾಡುತ್ತದೆ. ಅದು ಕೇಳುವುದು ತೊಗಲನ್ನು, ಹಿಡಿಯುವುದು ಕೈಯನ್ನು.

ಕಿರಾತಾರ್ಜುನರ ಜಗಳವನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾದ ಮಾತಲ್ಲ. ಒಂದೇ ಹಂದಿಗೆ ಇಬ್ಬರ ಬಾಣವೂ ಒಟ್ಟಿಗೆ ನೆಟ್ಟಿತು. ಕೊಂದವನು ತಾನೆಂದು ಇಬ್ಬರೂ ಹಟಹಿಡಿದರು. ಯಕ್ಷಗಾನದ ಆಟದಲ್ಲಿ ಆ ವಾದವನ್ನು ನೋಡಿ ನಗುವವರೂ ಒಂದನ್ನು ಗಮನಿಸಬಹುದು: ಇಬ್ಬರಲ್ಲಿ ಯಾರೂ ಹಂದಿಯನ್ನು ಬಿಟ್ಟುಹೋಗಲಿಲ್ಲ. ಕೊಂದದ್ದನ್ನು ತನ್ನದೆನ್ನುವುದು ಅಲ್ಲಿ ಬೇಟೆಗಾರನ ಲಕ್ಷಣ. ತಾನೇ ಕೊಂದ ಮೃಗದ ಹತ್ತಿರಕ್ಕೂ ಸುಳಿಯದೆ ಮುಂದಕ್ಕೆ ನಡೆಯುವವನನ್ನು ಆ ಕಥೆಯು ಕಲ್ಪಿಸಿಕೊಂಡೇ ಇಲ್ಲ.

ಅಲಾಸ್ಕದ ಒಳನಾಡಿನಲ್ಲಿ, ಕೊಯುಕುಕ್ ಯೂಕಾನ್ ನದಿಗಳ ದಡದಲ್ಲಿರುವ ಕೊಯುಕಾನ್ ಜನರು ಶಾಸನವು ಹುಟ್ಟುವುದಕ್ಕೆ ಬಹಳ ಮುಂಚೆಯೇ ಈ ದಾರಿಯನ್ನು ಹಿಡಿದವರು. ಅವರ ನಡೆನುಡಿಗಳನ್ನು ರಿಚರ್ಡ್ ನೆಲ್ಸನ್ ಎಂಬ ಮಾನವಶಾಸ್ತ್ರಜ್ಞನು ಅವರೊಡನೆ ಬಾಳಿ ಬರೆದ ಗ್ರಂಥವು 1983ರಲ್ಲಿ ಅಚ್ಚಾಯಿತು. ಕೊಂದಮೇಲೂ ಮೃಗದ ಜೀವಶಕ್ತಿಯು ಕೂಡಲೇ ಹೋಗಿಬಿಡುವುದಿಲ್ಲವೆಂದೂ, ಹೆಣವನ್ನು ಅಸಡ್ಡೆಯಿಂದ ಕಂಡರೆ ಅದು ಮುನಿಯುವುದೆಂದೂ, ಮುನಿದರೆ ಬೇಟೆಗಾರನ ಅದೃಷ್ಟವು ಕೈಬಿಡುವುದೆಂದೂ ಅವರ ನಂಬಿಕೆ. ಕರಡಿ, ವುಲ್ವರೀನ್, ತೋಳಗಳ ಶಕ್ತಿಯು ಎಲ್ಲಕ್ಕಿಂತ ಉಗ್ರವಾದದ್ದು. ಕೊಂದ ವುಲ್ವರೀನನ್ನು ಅವರು ಮನೆಗೆ ಬಂದ ಯಜಮಾನನಂತೆ ಕಂಡು, ಅದರ ಮುಂದೆ ಆಹಾರವನ್ನು ಇಟ್ಟು, ಬೆಂಕಿಯಲ್ಲಿ ಅದಕ್ಕೆ ತುತ್ತನ್ನು ಸುಡುವ ವಾಡಿಕೆಯುಂಟು. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ನಂಬಿಕೆಯನ್ನು ಕಳೆದು ನಡತೆಯನ್ನು ಮಾತ್ರ ಉಳಿಸಿ ನೋಡಿದರೂ, ಕೊಂದವನಿಗೂ ಕೊಂದದ್ದಕ್ಕೂ ನಡುವೆ ಗುಂಡಿನೊಡನೆ ಮುಗಿಯದ ಒಂದು ಸಂಬಂಧವನ್ನು ಅವರು ಒಪ್ಪಿರುವುದು ಕಾಣುತ್ತದೆ. ಸರ್ಕಾರದ ಮುದ್ರೆಯೂ ಪುಸ್ತಕವೂ ಆ ಸಂಬಂಧದ ಬಡ ನೆರಳುಗಳೆನ್ನಬಹುದು.

ಇಷ್ಟಾದರೂ ತೊಗಲನ್ನು ತರುವುದರಲ್ಲಿಯೇ ಗೌರವವಿದೆಯೆಂದು ತಿಳಿದರೆ ತಪ್ಪಾಗುವುದು. ಅಲಾಸ್ಕದ ಕಂದುಕರಡಿಯ ವಿಷಯದಲ್ಲಿರುವ ಮೂರು ವಿಧಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ತಿಳಿಯಾಗುತ್ತದೆ. ವಿನೋದಕ್ಕಾಗಿ ಬರುವ ಬೇಟೆಗಾರನು ಕರಡಿಯ ತೊಗಲನ್ನೂ ಬುರುಡೆಯನ್ನೂ ತರಲೇಬೇಕು. ಹೆಚ್ಚಿನ ಕಡೆಗಳಲ್ಲಿ ಮಾಂಸವನ್ನು ಬಿಟ್ಟುಬಂದರೆ ಕೇಳುವವರಿಲ್ಲ. ಕೆಲವು ಪ್ರದೇಶಗಳಲ್ಲಿ ಹಳ್ಳಿಯವನು ಹೊಟ್ಟೆಪಾಡಿನ ರಹದಾರಿಯ ಮೇಲೆ ಅದೇ ಕರಡಿಯನ್ನು ಕೊಂದರೆ ಮಾಂಸವನ್ನು ತರಲೇಬೇಕು; ತೊಗಲನ್ನು ಬಿಡಬಹುದು. ಆ ತೊಗಲನ್ನು ಆ ಪ್ರದೇಶದಿಂದ ಹೊರಕ್ಕೆ ಒಯ್ಯುವುದಾದರೆ, ಮುದ್ರೆ ಹಾಕುವ ಅಧಿಕಾರಿಯು ತಲೆಯ ತೊಗಲನ್ನೂ ಮುಂಗಾಲಿನ ಉಗುರುಗಳನ್ನೂ ಕತ್ತರಿಸಿ ಇಟ್ಟುಕೊಳ್ಳುವನು. ಗೋಡೆಯ ಮೇಲೆ ತೂಗಹಾಕುವುದಕ್ಕೆ ಬೇಕಾದದ್ದೇ ತಲೆ ಮತ್ತು ಉಗುರು. ಅವು ಹೋದಮೇಲೆ ಉಳಿದದ್ದು ಹಾಸಿ ಮಲಗುವುದಕ್ಕೆ ಮಾತ್ರ. ಇನ್ನು ಮೂರನೆಯದು, ಪ್ರಾಣಭಯದಿಂದಲೋ ಸೊತ್ತನ್ನು ಕಾಯುವುದಕ್ಕಾಗಿಯೋ ಕೊಂದವನದು. ಅವನು ಕರಡಿಯನ್ನು ಕೆಣಕಿರಬಾರದು, ಕಸವನ್ನು ಚೆಲ್ಲಿ ಕರೆದಿರಬಾರದು, ಬೇರೆ ಉಪಾಯಗಳೆಲ್ಲ ಮುಗಿದಿರಬೇಕು. ಇಷ್ಟು ಸರಿಯಾಗಿದ್ದರೂ ತೊಗಲನ್ನು ಉಗುರುಸಹಿತವಾಗಿ ಸುಲಿದು ಬುರುಡೆಯೊಡನೆ ಸರ್ಕಾರಕ್ಕೆ ಒಪ್ಪಿಸತಕ್ಕದ್ದು. ಸುಲಿಯುವ ಶ್ರಮವೆಲ್ಲ ಅವನದು, ತೊಗಲು ಅವನದಲ್ಲ.

ಒಂದೇ ಮೃಗ, ಒಂದೇ ತೊಗಲು, ಮೂರು ಬಗೆಯ ವಿಧಿ. ಶಾಸನಕಾರರು ಇವನ್ನು ಒಂದೇ ದಿನ ಕೂತು ಆಲೋಚಿಸಿ ಬರೆದರೆಂದು ಹೇಳಲಾಗದು. ಶಾಸನಗಳು ಹಾಗೆ ಹುಟ್ಟುವುದೂ ಇಲ್ಲ. ಆದರೂ ಇವುಗಳಲ್ಲಿ ಹಾದುಹೋಗಿರುವ ದಾರ ಒಂದುಂಟು. ಪ್ರತಿಯೊಬ್ಬನಿಂದಲೂ ಶಾಸನವು ಅವನು ಹೇಳಿದ ಕಾರಣಕ್ಕೆ ಸಾಕ್ಷಿಯನ್ನು ಕೇಳುತ್ತದೆ. ತೊಗಲಿಗಾಗಿ ಬಂದೆನೆಂದವನು ತೊಗಲನ್ನು ತೋರಿಸಲಿ. ಹಸಿವಿಗಾಗಿ ಎಂದವನು ಮಾಂಸವನ್ನು ತೋರಿಸಲಿ, ತೊಗಲಿನ ಆಸೆಯನ್ನು ಬಿಡಲಿ. ಭಯಕ್ಕಾಗಿ ಎಂದವನು ತನಗೆ ಯಾವ ಲಾಭವೂ ಉಳಿಯಲಿಲ್ಲವೆಂದು ತೋರಿಸಲಿ. ಮೂರನೆಯವನ ಕೈಗೇ ತೊಗಲು ಉಳಿಯುವಂತಿದ್ದರೆ ಆ ನಾಡಿನಲ್ಲಿ ಕರಡಿಗೆ ಹೆದರುವವರ ಸಂಖ್ಯೆಯು ಬೇಗನೆ ಹೆಚ್ಚುತ್ತಿತ್ತೆಂಬುದನ್ನು ಊಹಿಸಲು ಹೆಚ್ಚಿನ ಬುದ್ಧಿ ಬೇಡ. ಪೋಲೆಂಬುದು ವಸ್ತುವಿನಲ್ಲಿಲ್ಲ, ಹೇಳಿದ ಕಾರಣಕ್ಕೂ ಮಾಡಿದ ಕೆಲಸಕ್ಕೂ ನಡುವಣ ಬಿರುಕಿನಲ್ಲಿದೆ ಎಂದು ಇದರಿಂದ ತಿಳಿಯಬೇಕಾಗಿದೆ. ಕಾಗೆ ನರಿಗಳು ತಿಂದುವಲ್ಲಾ ಎಂಬ ಪೂರ್ವಪಕ್ಷಕ್ಕೆ ಉತ್ತರವೂ ಇಲ್ಲಿಯೇ ಸಿಗುತ್ತದೆ. ಅಡವಿಗೆ ನಷ್ಟವಾಗದಿರಬಹುದು, ಆದರೆ ಕಾಗೆಗೆ ಉಣಿಸುವೆನೆಂದು ಹೊರಟು ತೋಳಕ್ಕೆ ಗುಂಡಿಟ್ಟವರು ಯಾರೂ ಇಲ್ಲ.

ಸರ್ಕಾರಕ್ಕೆ ಒಪ್ಪಿಸಿದ ತೊಗಲುಗಳನ್ನು ಆಂಕರೇಜ್ ಪಟ್ಟಣದ ಚಳಿಗಾಲದ ತುಪ್ಪುಳಿನ ಜಾತ್ರೆಯಲ್ಲಿ ಹರಾಜು ಹಾಕುವರು. ಕರಡಿಯನ್ನು ಕಣ್ಣಿನಿಂದಲೂ ಕಾಣದ ಒಬ್ಬನು ಹಣ ಕೊಟ್ಟು ಅದರ ತೊಗಲನ್ನು ಮನೆಗೆ ಒಯ್ಯುವನು. ಮೇಲೆ ಹೇಳಿದ ಸಾಕ್ಷಿಯ ನ್ಯಾಯವು ಈ ಹರಾಜಿನ ಕಟ್ಟೆಯ ಬಳಿ ಸ್ವಲ್ಪ ಮಂಕಾಗುತ್ತದೆಂದು ಒಪ್ಪಬೇಕು. ತೊಗಲು ಒಮ್ಮೆ ಪೇಟೆಗೆ ಬಂತೆಂದರೆ ಅದು ಯಾವ ಕಾರಣದಿಂದ ಬಂತೆಂದು ಪೇಟೆಯು ಕೇಳುವುದಿಲ್ಲ.

ಈ ಮಾತು ಎಷ್ಟು ದೂರಕ್ಕೆ ಹೋಗಬಲ್ಲುದೆಂಬುದನ್ನು ಭರತಖಂಡವು ಅನುಭವಿಸಿ ತಿಳಿದಿದೆ. ಬ್ರಿಟಿಷರ ಆಳಿಕೆಯಲ್ಲಿ ದುಷ್ಟಮೃಗಗಳೆಂದು ಹೆಸರಿಟ್ಟು ಕೊಂದವರಿಗೆ ಇನಾಮು ಕೊಡುತ್ತಿದ್ದರು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಹೀಗೆ ಇನಾಮಿಗಾಗಿ ಸತ್ತ ಹುಲಿಗಳು 80,000ಕ್ಕೂ ಮೇಲೆ, ಚಿರತೆಗಳು 1,50,000ಕ್ಕೂ ಮೇಲೆ, ತೋಳಗಳು ಸುಮಾರು 2,00,000 ಎಂದು ಚರಿತ್ರಕಾರರು ಲೆಕ್ಕಹಾಕಿರುವರು. ಅಲ್ಲಿ ತೊಗಲು ರಸೀತಿಯಾಗಿತ್ತು. ಮೈಸೂರು ಸೀಮೆಯಲ್ಲಿ ಆನೆಯ ಖೆಡ್ಡಾವನ್ನು ನಡೆಸಿದ ಸ್ಯಾಂಡರ್ಸನ್ ತಾನೇ ಹುಲಿಯ ಬೇಟೆಗಾರನಾಗಿದ್ದರೂ 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಹುಲಿಯ ಪಕ್ಷವನ್ನು ಹಿಡಿದು, ಪೈರನ್ನು ಹಾಳುಮಾಡುವ ಜಿಂಕೆ ಹಂದಿಗಳನ್ನು ಅದು ತಗ್ಗಿಸುವುದೆಂದೂ ಅದನ್ನು ನಿರ್ಮೂಲಮಾಡುವುದು ತರವಲ್ಲವೆಂದೂ ವಾದಿಸಿದನು, ಕೇಳಿದವರು ಕಡಮೆ. ರಸೀತಿಯಾಗದ ತೊಗಲು ಅಲಂಕಾರವಾಯಿತು. 1900ರ ಸುಮಾರಿಗೆ ಮೈಸೂರಿನಲ್ಲಿ ಮೊದಲಾಗಿ 1999ರಲ್ಲಿ ಬಾಗಿಲು ಹಾಕಿದ ವಾನ್ ಇಂಗೆನ್ ಅವರ ಕಾರ್ಖಾನೆಯಲ್ಲಿ ಹತ್ತಾರು ಸಾವಿರ ಹುಲಿ ಚಿರತೆಗಳ ತೊಗಲುಗಳು ಹದವಾಗಿ, ತಲೆಗಳು ತುಂಬಿಸಲ್ಪಟ್ಟು, ಅರಮನೆಗಳಿಗೂ ಬಂಗಲೆಗಳಿಗೂ ಹೋದುವು. ಆ ಕೆಲಸದ ನಯವನ್ನು ಬಲ್ಲವರು ಈಗಲೂ ಹೊಗಳುವರು, ಹೊಗಳತಕ್ಕದ್ದೇ. ಒಂದು ರೋಮವೂ ಅಲ್ಲಿ ಪೋಲಾಗಲಿಲ್ಲ. ಹುಲಿಯು ಮಾತ್ರ ಕಾಡಿನಿಂದ ಕಾಣೆಯಾಗುತ್ತ ಬಂತು. ತೊಗಲನ್ನು ಪೋಲುಮಾಡಬಾರದೆಂಬ ನಿಯಮವೊಂದೇ ಸಾಕಾಗಿದ್ದರೆ ಆ ಕಾಲದ ಬೇಟೆಯನ್ನು ನಿರ್ದೋಷವೆನ್ನಬೇಕಾಗುತ್ತಿತ್ತು.

ಆದಕಾರಣ ಸ್ವತಂತ್ರ ಭಾರತದ ಶಾಸನವು ನೇರವಾಗಿ ಎದುರು ದಿಕ್ಕನ್ನು ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಲ್ಲಲ್ಪಟ್ಟ ಕಾಡುಮೃಗವೂ ಅದರ ತೊಗಲು ಉಗುರು ಹಲ್ಲುಗಳೂ ಸರ್ಕಾರದ ಸೊತ್ತು. ಹುಲಿಯು ಮುಪ್ಪಿನಿಂದ ಸತ್ತರೂ, ನರಭಕ್ಷಕವೆಂದು ಅಪ್ಪಣೆಯ ಮೇಲೆ ಕೊಂದರೂ, ಪಂಚನಾಮೆ ಮಾಡಿ, ಮೈಯನ್ನು ಪರೀಕ್ಷಿಸಿ, ಅಧಿಕಾರಿಗಳ ಕಣ್ಣಮುಂದೆ ತೊಗಲುಸಹಿತವಾಗಿ ಸುಟ್ಟು ಬೂದಿ ಮಾಡತಕ್ಕದ್ದೆಂಬುದು ಈಗಿನ ವಿಧಾನ. ಅಲಾಸ್ಕದವನು ಇದನ್ನು ನೋಡಿದರೆ ಇದಕ್ಕಿಂತ ದೊಡ್ಡ ಪೋಲು ಬೇರಿಲ್ಲವೆಂದು ತಲೆಯ ಮೇಲೆ ಕೈಯಿಟ್ಟುಕೊಂಡಾನು. ಆದರೆ 2000ದ ಜನವರಿಯಲ್ಲಿ ಉತ್ತರ ಪ್ರದೇಶದ ಖಾಗಾ ಎಂಬ ಊರಿನಲ್ಲಿ ಒಂದೇ ದಾಳಿಯಲ್ಲಿ 70 ಚಿರತೆಗಳ ಮತ್ತು 4 ಹುಲಿಗಳ ತೊಗಲುಗಳೂ 18,000ಕ್ಕಿಂತ ಹೆಚ್ಚಾದ ಚಿರತೆಯ ಉಗುರುಗಳೂ ಸಿಕ್ಕಿದುವೆಂಬುದನ್ನು ನೆನೆದರೆ, ಆ ಬೆಂಕಿಯ ಅರ್ಥವಾಗುತ್ತದೆ. ಒಂದು ಚಿರತೆಗೆ ಹದಿನೆಂಟು ಉಗುರು. ಸಾವಿರ ಚಿರತೆಗಳ ಲೆಕ್ಕ ಅದು. ಎಲ್ಲಿ ತೊಗಲಿನ ಬೆಲೆಯೇ ಕೊಲೆಯ ಕಾರಣವಾಗಿದೆಯೋ ಅಲ್ಲಿ ತೊಗಲನ್ನು ಉಳಿಸುವುದೆಂದರೆ ಕಾರಣವನ್ನು ಉಳಿಸಿದಂತೆ.

ಬಲಾತ್ಕಾರವಿಲ್ಲದೆ ಇದೇ ಕಾರ್ಯ ನಡೆದ ಸಂದರ್ಭವೂ ಒಂದುಂಟು. ಟಿಬೆಟಿನ ಜನರು ಹಬ್ಬಗಳಲ್ಲಿ ಹುಲಿ ಚಿರತೆ ನೀರುನಾಯಿಗಳ ತೊಗಲಿನ ಅಂಚುಳ್ಳ ನಿಲುವಂಗಿಗಳನ್ನು ತೊಡುತ್ತಿದ್ದರು. ಆ ತೊಗಲುಗಳಲ್ಲಿ ಬಹುಭಾಗವು ಭಾರತದ ಕಾಡುಗಳಿಂದ ಕದ್ದು ಹೋದವು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ ಅವರು ಇದು ನಾಚಿಕೆಗೇಡೆಂದು ತಮ್ಮ ಜನಕ್ಕೆ ತಿಳಿಹೇಳಿದರು. ಆ ಮಾತು ಗಡಿಯನ್ನು ದಾಟಿತು. ಕೆಲವೇ ವಾರಗಳಲ್ಲಿ ಟಿಬೆಟಿನ ಊರುಗಳಲ್ಲಿ ಜನರು ಅಮೂಲ್ಯವಾದ ಅಂಗಿಗಳನ್ನು ತಂದು ರಾಶಿಹಾಕಿ ಬೆಂಕಿಯಿಟ್ಟರು. ತಾಯಿಯಿಂದ ಮಗಳಿಗೆ ಬಂದ ಉಡುಪುಗಳೂ ಅವುಗಳಲ್ಲಿ ಇದ್ದಿರಬೇಕು. ಸತ್ತ ಹುಲಿಗಳಲ್ಲಿ ಒಂದೂ ಅದರಿಂದ ಎದ್ದುಬರಲಿಲ್ಲ. ಲೆಕ್ಕದ ಕಣ್ಣಿನಿಂದ ನೋಡಿದರೆ ಅದು ಕೇವಲ ನಷ್ಟ. ಆದರೂ ಕೊಯುಕಾನ್ ಬೇಟೆಗಾರನು ವುಲ್ವರೀನಿನ ಮುಂದೆ ತುತ್ತನ್ನು ಸುಡುವುದಕ್ಕೂ ಟಿಬೆಟಿನ ಹೆಂಗಸು ಹುಲಿಯಂಚಿನ ಅಂಗಿಯನ್ನು ಸುಡುವುದಕ್ಕೂ ದೂರವು ಅಷ್ಟಾಗಿಲ್ಲ. ಇಬ್ಬರೂ ಸತ್ತ ಮೃಗದ ಎದುರಿಗೆ ತಾವು ಉತ್ತರ ಹೇಳಬೇಕಾದವರೆಂದು ತಿಳಿದವರು. ಒಬ್ಬನಿಗೆ ತೊಗಲನ್ನು ಜೋಪಾನವಾಗಿ ಉಳಿಸುವುದು ಉತ್ತರವಾಯಿತು; ಇನ್ನೊಬ್ಬಳಿಗೆ ಅದನ್ನು ಬೆಂಕಿಗೆ ಹಾಕುವುದು ಉತ್ತರವಾಯಿತು.

ಉತ್ತರವೇ ಬೇಡವೆಂದು ಶಾಸನವು ಬಿಟ್ಟುಕೊಟ್ಟಿರುವ ಮೃಗಗಳ ಸ್ಥಿತಿಯು ಎಲ್ಲಕ್ಕಿಂತ ಶೋಚನೀಯವಾದದ್ದು. ಅಲಾಸ್ಕದಲ್ಲಿ ತೋಳದೊಡನೆ ಹೆಸರು ಪಡೆದ ಕಯೋಟಿಗೆ ಸಂಯುಕ್ತ ಸಂಸ್ಥಾನಗಳ ಇತರ ಅನೇಕ ಭಾಗಗಳಲ್ಲಿ ಅಂಥ ಮರ್ಯಾದೆಯಿಲ್ಲ. ಯೂಟಾ ಸಂಸ್ಥಾನದಲ್ಲಿ 2012ರಲ್ಲಿ ಜಿಂಕೆಗಳನ್ನು ಉಳಿಸುವುದಕ್ಕೆಂದು ಒಂದು ಕಾಯಿದೆ ಮಾಡಿ, ಕಯೋಟಿಯೊಂದಕ್ಕೆ 50 ಡಾಲರ್ ಇನಾಮು ಗೊತ್ತುಮಾಡಿದರು. ಎರಡು ಕಿವಿಗಳೂ ಕೂಡಿದ ನೆತ್ತಿಯ ತೊಗಲು, ಕೆಳದವಡೆ, ಇಷ್ಟನ್ನು ತಂದರೆ ಸಾಕು. ಉಳಿದದ್ದು ಬಯಲಿನಲ್ಲಿ ಬಿದ್ದಿರಬಹುದು. ಹಿಂದಿನ ಜಿಲ್ಲಾಕಚೇರಿಗಳಲ್ಲಿ ಚಿರತೆಯ ತೊಗಲು ಹಿಡಿದು ನಿಲ್ಲುತ್ತಿದ್ದವರ ಸಾಲು ಅಲ್ಲಿ ಇನ್ನೂ ಮುಗಿದಿಲ್ಲ. ಇನ್ನು ಕೆಲವು ಕಡೆ ಪಂದ್ಯಗಳು ನಡೆಯುವುವು: ಗೊತ್ತಾದ ಎರಡು ದಿನಗಳಲ್ಲಿ ಹೆಚ್ಚು ಕಯೋಟಿಗಳನ್ನು, ಅಥವಾ ಎಲ್ಲಕ್ಕಿಂತ ಭಾರವಾದದ್ದನ್ನು ಕೊಂದವನಿಗೆ ಬಹುಮಾನ. ಹೆಣಗಳನ್ನು ತೂಗಿದಮೇಲೆ ಹಳ್ಳಕ್ಕೆ ಎಸೆದುಹೋಗುವುದೂ ಉಂಟು. ನೀಲಗಿರಿಯ ಕಡೆ ಒಂದು ಕಾಲದಲ್ಲಿ ಸೀಳುನಾಯಿಗೂ ಇದೇ ಗತಿಯಾಗಿತ್ತು. ಜಿಂಕೆಯನ್ನು ತಿನ್ನುವುದೆಂಬ ಒಂದೇ ಕಾರಣದಿಂದ, ಜಿಂಕೆಯನ್ನು ತಾವೇ ಕೊಲ್ಲಬೇಕೆಂದಿದ್ದವರು ಅದಕ್ಕೆ ಬೆಲೆ ಕಟ್ಟಿದ್ದರು.

ಕ್ಷುದ್ರಮೃಗವೆಂಬ ಹೆಸರು ಹೀಗೆ ಮೃಗದ ಗುಣವನ್ನು ಹೇಳುವ ಮಾತಲ್ಲ. ಮನುಷ್ಯನಿಗೆ ಕೊಟ್ಟ ಬಿಡುಗಡೆಯ ಚೀಟಿ. ಭಾರತದ 1972ರ ಕಾಯಿದೆಯಲ್ಲಿಯೂ ಅಂಥ ಒಂದು ಪಟ್ಟಿ ಇತ್ತು: ಕಾಗೆ, ಬಾವಲಿ, ಇಲಿ, ಹೆಗ್ಗಣಗಳು ಅದರಲ್ಲಿದ್ದುವು. 2022ರ ತಿದ್ದುಪಡಿಯಲ್ಲಿ ಪಟ್ಟಿಯನ್ನು ತೆಗೆದುಹಾಕಿದರು. ಆದರೆ ಬೇಕಾದಾಗ ಒಂದು ಮೃಗವನ್ನು ಕ್ಷುದ್ರವೆಂದು ಸಾರುವ ಅಧಿಕಾರವನ್ನು ಕೇಂದ್ರ ಸರ್ಕಾರವು ಇಟ್ಟುಕೊಂಡಿದೆ. ಬೆಳೆಯನ್ನು ಕಳೆದುಕೊಂಡ ರೈತನ ಸಂಕಟವನ್ನು ಇಲ್ಲಿ ಮರೆಯುವಂತಿಲ್ಲ. ಕುರಿಯನ್ನು ಕಳೆದುಕೊಂಡವನಿಗೆ ಕಯೋಟಿಯ ತೊಗಲನ್ನು ಸುಲಿಯುತ್ತ ಕೂರೆಂದು ಹೇಳುವುದೂ ಕ್ರೌರ್ಯವೇ.

ಮಸ್ಸಾಚುಸೆಟ್ಸ್ ಸಂಸ್ಥಾನದ ಮೃಗಾಧಿಕಾರಿಗಳ ಮಂಡಲಿಯು 2019ರ ಡಿಸೆಂಬರಿನಲ್ಲಿ ಈ ಎರಡು ಮಾತುಗಳನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಬೇಕಾಯಿತು. ಕಯೋಟಿ ನರಿ ಮೊದಲಾದುವನ್ನು ಕೊಲ್ಲುವ ಪಂದ್ಯಗಳನ್ನು ಅವರು ನಿಷೇಧಿಸಿದರು. ಅದರೊಡನೆಯೇ ಬೇಟೆಯ ಮೃಗವನ್ನು ಕೊಂದು ಪೋಲುಮಾಡುವುದನ್ನೂ ನಿಷೇಧಿಸಿದರು. ಸೊತ್ತಿನ ಹಾನಿಯನ್ನು ತಪ್ಪಿಸಲು ಕೊಂದವನಿಗೆ ವಿನಾಯಿತಿಯುಂಟು. ಬೇಟೆಯ ಕಾಲವನ್ನು ಅವರು ಮುಚ್ಚಲಿಲ್ಲ. ಆ ಸಂಸ್ಥಾನದಲ್ಲಿ ಕಯೋಟಿಯನ್ನು ರಹದಾರಿಯ ಮೇಲೆ ಕೊಲ್ಲುವುದು ಮುಂಚಿನಂತೆಯೇ ನಡೆದಿದೆ. ಬೆಲೆಯಿಲ್ಲದ ತೊಗಲನ್ನು ಸುಲಿದು ಒಯ್ಯಬೇಕಾದರೆ ಇನ್ನು ಕಯೋಟಿಯನ್ನು ಹೊಡೆಯುವವರೇ ಇರುವುದಿಲ್ಲವೆಂದು ಇಂಥ ನಿಯಮಗಳಿಗೆ ಆಕ್ಷೇಪಿಸುವವರುಂಟು. ಅವರ ಆಕ್ಷೇಪವನ್ನು ಕೇಳಿದ ಮಂಡಲಿಯವರು, ಹಾಗಾದರೆ ಇಷ್ಟು ದಿನ ಅದನ್ನು ಹೊಡೆಯುತ್ತಿದ್ದುದು ಏತಕ್ಕೆ ಎಂದು ಮರುಪ್ರಶ್ನೆ ಮಾಡುವುದಕ್ಕೆ ಅಡ್ಡಿಯೇನೂ ಇಲ್ಲ.